ಹದಿನಾಲ್ಕನೇ ಅಜ್ಜಿ

ಅಳತೆಗೋಲು ಪರಿಶೀಲನಾ ಕಚೇರಿಯ ಹದಿನೇಳು ಮಂದಿ ಸಿಬ್ಬಂದಿಗೆ ಸೇರಿ ಒಬ್ಬಳೇ ಮಗಳಿದ್ದಳು ಮತ್ತು ಆಕೆಗೆ ದಿನ ತುಂಬಿತ್ತು ಎಂಬುದು ಕಚೇರಿಯ ಕಂಪ್ಯೂಟರಿನಲ್ಲಿ ದಾಖಲಾದ ಸಂಗತಿ. ದಾಖಲಾದದ್ದನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಇರಲಿಲ್ಲ.

ನಡೆದದ್ದಿಷ್ಟು. ಆ ವರ್ಷ ಕಚೇರಿಯವರಿಗೆಲ್ಲ ಅಂಗೈಯಗಲದ ಒಂದೊಂದು ಆರ್ಗನೈಸರ್ ಹಂಚಲಾಯಿತು. ಅದರ ಮೇಲೆ ಕಡ್ಡಿಯಿಂದ ಗೀಚಿ ದಿನದ ಕೆಲಸ ಬರೆದುಕೊಳ್ಳಬೇಕು. ಸಂಜೆ ಅದನ್ನು ಕಂಪ್ಯೂಟರಿನ ಪಕ್ಕದ ಸ್ಟ್ಯಾಂಡಿನಲ್ಲಿ ಕೂರಿಸಿ ಗುಂಡಿ ಒತ್ತಿದರೆ ಇದರಲ್ಲಿದ್ದದ್ದು ಅದಕ್ಕೆ, ಅದರಲ್ಲಿದ್ದದ್ದು ಇದಕ್ಕೆ ಹೋಗಿ ಎರಡೂ ಒಂದಾಗುತ್ತವೆ. ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಪರವಾನಗಿ ಕೊಳ್ಳಬೇಕಿತ್ತು. ಒಂದನ್ನೇ ಕೊಂಡು, ಉಳಿದ ದುಡ್ಡಿನಲ್ಲಿ ನಿರ್ದೇಶಕರ ಕೋಣೆಗೆ ಏಸಿ ಹಾಕಿಸಲಾಯಿತು. ಹೀಗಾಗಿ ಹದಿನೇಳು ಯಂತ್ರಗಳಿಗೂ 'ನಿರ್ದೇಶಕರು' ಎಂಬ ಒಂದೇ ಹೆಸರು. ಒಬ್ಬರು ಗೀಚಿದ್ದು ಮರುದಿನ ಎಲ್ಲರ ಅಂಗೈಯಲ್ಲೂ ಇರುತ್ತಿತ್ತು.

ಮೊದಲ ವಾರವೇ ಲೆಕ್ಕಾಧಿಕಾರಿಯ ಹೆಂಡತಿಯ ಹುಟ್ಟುಹಬ್ಬಕ್ಕೆ ಹದಿನಾರು ಮಂದಿ ಹೂಗುಚ್ಛ ಹಿಡಿದು ಬಾಗಿಲು ತಟ್ಟಿದರು. ಆಕೆಗೆ ಖುಷಿಯಾಯಿತು, ಗಂಡನಿಗೆ ಆಗಲಿಲ್ಲ. ಅವರು ದೂರು ಕೊಟ್ಟ ಮೇಲೆ ಸುತ್ತೋಲೆ ಹೊರಟಿತು: "ಆರ್ಗನೈಸರಿನಲ್ಲಿರುವುದೆಲ್ಲವೂ ಕಚೇರಿ ಕೆಲಸ. ಸದರಿ ಕೆಲಸಕ್ಕೆ ಪ್ರಯಾಣ ಭತ್ಯೆ ಉಂಟು." ಆಮೇಲೆ ಯಾರೂ ದೂರಲಿಲ್ಲ.

ದಾಖಲೆ ಕೋಣೆಯ ಗುಮಾಸ್ತೆಯನ್ನು ಎಲ್ಲರೂ ದಾಖಲೆಯಮ್ಮ ಎಂದೇ ಕರೆಯುತ್ತಿದ್ದರು. ಅವರ ಮಗಳದು ಚೊಚ್ಚಲ ಹೆರಿಗೆ. ಡಾಕ್ಟರು ಗುರುವಾರ ಎಂದಿದ್ದರು. "ಅಮ್ಮ, ನೀನು ಪಕ್ಕದಲ್ಲೇ ಇರ್ಬೇಕು" ಎಂದು ಮಗಳು ಕೈ ಹಿಡಿದು ಕೇಳಿಕೊಂಡಿದ್ದಳು. ಇಂಥದ್ದನ್ನು ಯಾವ ತಾಯಿಯೂ ಮರೆಯುವುದಿಲ್ಲ. ಆದರೆ ಆರ್ಗನೈಸರಿನಲ್ಲಿ ಇಲ್ಲದ ಕಾರಣಕ್ಕೆ ರಜೆ ಸಿಗುತ್ತಿರಲಿಲ್ಲ. ಆದ್ದರಿಂದ ಗೀಚಿದರು: "ಗುರುವಾರ, ಹತ್ತು ಗಂಟೆ. ಮಗಳ ಹೆರಿಗೆ. ಆಸ್ಪತ್ರೆ."

ಗುರುವಾರ ರಜೆ ಅರ್ಜಿ ಹಿಡಿದು ಹೋದಾಗ ಸೂಪರಿಂಟೆಂಡೆಂಟರು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದರು.

"ರಜೆ ಯಾಕಮ್ಮ? ಇದು ಕಚೇರಿ ಕೆಲಸ. ನಾವೆಲ್ಲ ಹೊರಟಿದೀವಿ."

"ಅವಳು ನನ್ನ ಮಗಳು ಸಾರ್."

"ನನ್ನ ಆರ್ಗನೈಸರಲ್ಲೂ 'ಮಗಳು' ಅಂತಲೇ ಇದೆ, ನೋಡಿ."

"ಹಾಗಾದ್ರೆ ನಾನೂ ನಿಮ್ಮ ಜೊತೆ ಬರ್ತೀನಿ."

"ಎಲ್ಲರೂ ಹೋದ್ರೆ ಫೋನ್ ಎತ್ತೋರು ಯಾರು? ನೀವು ಅನುಭವಸ್ಥರು, ಕೂತ್ಕೊಳ್ಳಿ."

ಹದಿನಾರು ಮಂದಿ ಎರಡು ವ್ಯಾನುಗಳಲ್ಲಿ ಹೊರಟರು. ದಾಖಲೆಯಮ್ಮ ಫೋನಿನ ಪಕ್ಕ ಕೂತರು. ಹನ್ನೊಂದಕ್ಕೆ ಫೋನು ಬಂತು, ನಿಯಮದಂತೆ ಎತ್ತಿದರು.

"ಅಮ್ಮ, ಇಲ್ಲಿ ಯಾರ್ಯಾರೋ ಬಂದು ಧೈರ್ಯವಾಗಿರು ಮಗಳೇ ಅಂತಿದಾರೆ. ನೀನೆಲ್ಲಿ?"

"ಫೋನ್ ಎತ್ತೋಕೆ ಕೂತಿದೀನಿ ಕಣೇ," ಎಂದರು.

ಮಧ್ಯಾಹ್ನ ನಿರ್ದೇಶಕರಿಗೆ ಹಸಿವಾಯಿತು. ಕೆಲಸದ ಮುಂದೆ 'ಮುಗಿದಿದೆ' ಎಂದು ಗುರುತು ಹಾಕಿ ಎಲ್ಲರನ್ನೂ ಕರೆದುಕೊಂಡು ವಾಪಸಾದರು. ಗುಂಡಿ ಒತ್ತಿದ್ದೇ ತಡ, ಎಲ್ಲರಿಗೂ ಹೆರಿಗೆ ಮುಗಿಯಿತು. ದಾಖಲೆಯಮ್ಮ ಮತ್ತೆ ಅರ್ಜಿ ಹಿಡಿದು ಓಡಿದರು.

"ಮುಗಿದ ಕೆಲಸಕ್ಕೆ ನಿಮ್ಮನ್ನ ಹೇಗಮ್ಮ ಕಳಿಸೋದು?" ಎಂದರು ಸೂಪರಿಂಟೆಂಡೆಂಟರು.

"ಮಗು ಇನ್ನೂ ಹುಟ್ಟಿಲ್ಲ ಸಾರ್."

"ಅದು ಮಗುವಿನ ಕಡೆಯಿಂದ ಆದ ವಿಳಂಬ."

ಮೂರೂ ಇಪ್ಪತ್ತಕ್ಕೆ ಹೆಣ್ಣುಮಗು ಹುಟ್ಟಿತು. ಕಚೇರಿ ಬಿಟ್ಟೊಡನೆ ದಾಖಲೆಯಮ್ಮ ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿದರು. ಮಗು ಹುಟ್ಟಿದ ಮೇಲೆ ಬಾಣಂತಿಯರ ವಾರ್ಡಿಗೆ ಅಜ್ಜಿಯರಿಗೆ ಮಾತ್ರ ಪ್ರವೇಶ, ಅದೂ ದಿನಕ್ಕೆ ಇಬ್ಬರಿಗೆ. ಹಾಗಾಗಿ ಕಚೇರಿಯು ಮೀಸೆಯುಳ್ಳ ನಿರ್ದೇಶಕರೂ ಸೇರಿದಂತೆ ಹದಿನೇಳು ಅಜ್ಜಿಯರ ಪಟ್ಟಿಯನ್ನು ಸೇವಾ ಹಿರಿತನದ ಪ್ರಕಾರ ತಯಾರಿಸಿ, ಮೊಹರು ಹಾಕಿ ಕಾವಲುಗಾರನಿಗೆ ಕೊಟ್ಟಿತ್ತು. ದಾಖಲೆಯಮ್ಮನದು ಹದಿನಾಲ್ಕನೇ ಹೆಸರು.

"ಏಳನೇ ದಿನ ಬನ್ನಿ," ಎಂದ ಕಾವಲುಗಾರ.

ಅವರು ಗೇಟಿನ ಕಂಬಿ ಹಿಡಿದು ಅತ್ತರು. ಅಳುವುದು ಆರ್ಗನೈಸರಿನಲ್ಲಿ ಇರಲಿಲ್ಲವಾದ್ದರಿಂದ ಜೊತೆಗೆ ಯಾರೂ ಅಳಲಿಲ್ಲ.

ಏಳನೇ ದಿನ ನರ್ಸು ಪಟ್ಟಿ ನೋಡುತ್ತಾ ಕೇಳಿದಳು, "ಮಗುಗೆ ನೀವೇನಾಗ್ಬೇಕು?"

"ಹದಿನಾಲ್ಕನೇ ಅಜ್ಜಿ."

"ಹದಿನೈದು ನಿಮಿಷ ಇದೆ ನಿಮಗೆ."

ಮಗಳು ಮಗುವನ್ನು ಅವರ ಕೈಗಿತ್ತು ಹೇಳಿದಳು, "ಅಮ್ಮ, ಮೊದಲನೇ ಅಜ್ಜಿಗೆ ಮಗು ಎತ್ತೋಕೇ ಬರಲ್ಲ. ಎರಡನೆಯವರು ನಿದ್ದೆ ಮಾಡಿ ಹೋದ್ರು."

ದಾಖಲೆಯಮ್ಮ ಮೊಮ್ಮಗಳ ಮುಖವನ್ನು ಕಣ್ತುಂಬ ನೋಡಿದರು. ಮೂಲೆಯಲ್ಲಿ ರಾಶಿ ಬಿದ್ದಿದ್ದ ಒದ್ದೆ ಬಟ್ಟೆಗಳನ್ನೂ ನೋಡಿದರು. ಆಮೇಲೆ ಚೀಲದಿಂದ ಆರ್ಗನೈಸರ್ ತೆಗೆದು ನಿಧಾನವಾಗಿ ಗೀಚಿದರು: "ಮೊಮ್ಮಗಳ ಬಟ್ಟೆ ಒಗೆಯುವುದು. ಬೆಳಗ್ಗೆ ಆರು. ಸ್ಥಳ: ದಾಖಲೆಯಮ್ಮನ ಮನೆ. ಪ್ರತಿದಿನ."

ಬಾಣಂತಿ ಮನೆಗೆ ಬಂದ ಮರುದಿನ ಬೆಳಗ್ಗೆ ಆರಕ್ಕೆ ಹದಿನಾರು ಅಜ್ಜಿಯರು ಹಿತ್ತಲಿನಲ್ಲಿ ಹಿರಿತನದ ಪ್ರಕಾರ ಸಾಲಾಗಿ ನಿಂತಿದ್ದರು. ಭತ್ಯೆಯ ಅರ್ಜಿಗಳು ಎಲ್ಲರ ಜೇಬಿನಲ್ಲೂ ಇದ್ದವು. ನಿರ್ದೇಶಕರು ಅಂಗಿಯ ತೋಳು ಮಡಚಿ ನಲ್ಲಿಯ ಕೆಳಗೆ ಕುಳಿತರು. ಒಂಬತ್ತನೆಯವರ ಹೊತ್ತಿಗೆ ಬಟ್ಟೆಯೆಲ್ಲ ಮುಗಿಯಿತು. ದಾಖಲೆಯಮ್ಮನ ಸರದಿ ಅಂದೂ ಬರಲಿಲ್ಲ, ಮುಂದೆಂದೂ ಬರಲಿಲ್ಲ. ಅವರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಜಗಲಿಯಲ್ಲಿ ಕಾದರು.

"ಇದು ಯಾವತ್ತಿನವರೆಗೆ ಅಮ್ಮ?" ಎಂದು ನಿರ್ದೇಶಕರು ಬಗ್ಗಿಕೊಂಡೇ ಕೇಳಿದರು.

"ಕೊನೇ ದಿನಾಂಕ ಹಾಕಿಲ್ಲ ಸಾರ್."

"ಹಾಗಾದ್ರೆ ಸರಿ," ಎಂದು ಅವರು ಇನ್ನೊಂದು ಬಟ್ಟೆಗೆ ಸೋಪು ಹಚ್ಚಿದರು.