ಮಹಾಪ್ರಾಣ ತಪ್ಪಿದ ಮೆಸೇಜು

"ನೋಡ್ತಾ ಇರು, ಒಂದೇ ತಿಂಗಳು! ನಮ್ಮ ಗ್ರೂಪಿನಲ್ಲಿ ಕಾಗುಣಿತದ ಒಂದು ತಪ್ಪೂ ಉಳಿಯಲ್ಲ!"

ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತರಾದ ಪ್ರೂಫ್‌ರೀಡರ್ ಮಹಾಶಯರು ಚಹಾ ಲೋಟವನ್ನು ಟಪ್ಪೆಂದು ಕುಕ್ಕಿ ಘೋಷಿಸಿದರು.

"ಮೊದಲು ಗ್ರೂಪಿನಲ್ಲಿ ಜನ ಉಳೀತಾರಾ ನೋಡ್ಕೊಳ್ಳಿ" ಎಂದಳು ಹೆಂಡತಿ.

ಪ್ರೆಸ್ಸಿನ ಹಳಬರೆಲ್ಲ ಸೇರಿಕೊಂಡಿದ್ದ ವಾಟ್ಸಾಪ್ ಗ್ರೂಪು ಅದು. ಅಡ್ಮಿನ್, ಹಿಂದೆ ಬೈಂಡಿಂಗ್ ವಿಭಾಗದಲ್ಲಿ ಪುಸ್ತಕಗಳಿಗೆ ಗೋಂದು ಹಚ್ಚುತ್ತಿದ್ದಾಕೆ. ಮಹಾಶಯರು ಅಂದೇ ದಂಡಯಾತ್ರೆ ಹೊರಟರು. "ಶುಭಾಷಯ" ಎಂದವರ ಕಿವಿ ಹಿಂಡಿದರು. "ಹಾರ್ಧಿಕ" ಎಂದವರ ಮಹಾಪ್ರಾಣ ಕಿತ್ತರು! ವಾರದೊಳಗೆ ಜನ ಬರೆಯುವುದನ್ನೇ ಬಿಟ್ಟು ಬರೀ ಹೂವಿನ ಚಿತ್ರ ಕಳಿಸತೊಡಗಿದರು.

"ನೋಡಿದ್ಯಾ? ತಪ್ಪೇ ಇಲ್ಲ!"

"ಹೂವಿಗೆಲ್ಲಿಯ ಕಾಗುಣಿತ?" ಎಂದಳು ಆಕೆ.

ಒಂದು ಮಧ್ಯಾಹ್ನ ಅವರ ಹಳೆಯ ಗೆಳೆಯ, ಪ್ರೆಸ್ಸಿನಲ್ಲಿ ಅಚ್ಚಿನ ಯಂತ್ರ ನಡೆಸುತ್ತಿದ್ದ ಮೆಷಿನ್‌ಮನ್‌ನಿಂದ ಒಂದೇ ಸಾಲು ಬಂತು: "ನನ್ನ ಮನೆಯವಳು ಬೆಳಗ್ಗೆ ನಿದನ ಆದಳು."

ತಲೆಗಿಂತ ಮೊದಲು ಬೆರಳು ಓಡಿತು: "ನಿಧನ. ಮಹಾಪ್ರಾಣ ಬೇಕು."

ಕೂಡಲೇ ಅಡ್ಮಿನ್ ಬರೆದಳು: "ಅಲ್ಲಿ ಪ್ರಾಣವೇ ಹೋಗಿದೆ. ನಿಮಗೆ ಮಹಾಪ್ರಾಣದ ಚಿಂತೆ!"

ಮರುಕ್ಷಣವೇ ಇವರನ್ನು ಗ್ರೂಪಿನಿಂದ ತೆಗೆದುಹಾಕಲಾಗಿತ್ತು.

ಆ ಸಾಲಿನ ಅರ್ಥ ಅವರ ಎದೆಗೆ ಇಳಿದದ್ದೇ ಆಗ. "ಅತ್ತಿಗೆ ಹೋಗ್ಬಿಟ್ರು ಕಣೇ... ನಾನು ಅಕ್ಷರ ತಿದ್ದಿಬಿಟ್ಟೆ."

ಹೆಂಡತಿ ಬಯ್ಯಲಿಲ್ಲ. ಅದೇ ಹೆಚ್ಚು ಚುಚ್ಚಿತು. "ನೀವು ನಡೀರಿ. ಬೀಗ ಹಾಕ್ಕೊಂಡು ಹಿಂದೇನೇ ಬರ್ತೀನಿ."

ಎರಡು ಬೀದಿ ದಾಟುವಷ್ಟರಲ್ಲಿ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ತಿದ್ದಿದರು. ಬಾಗಿಲಲ್ಲಿ ಗೆಳೆಯನ ಮುಖ ಕಂಡಾಗ ತಿದ್ದಿದ್ದೆಲ್ಲ ಮರೆತುಹೋಯಿತು.

"ಗ್ರೂಪಲ್ಲಿ ನಾನು..."

"ನೋಡ್ದೆ ಬಿಡೋ. ನೀನು ತಿದ್ದದೇ ಇದ್ದಿದ್ರೆ, ನೀನೂ ಹೋದ್ಯೇನೋ ಅಂದ್ಕೋತಿದ್ದೆ" ಎಂದ ಮೆಷಿನ್‌ಮನ್. ನಗಲು ಹೋದವನ ತುಟಿ ಅದುರಿತು. ಬಿಳಿ ಹಾಳೆಯೊಂದನ್ನು ಮುಂದಿಟ್ಟ. "ಪೇಪರಿಗೆ ಶ್ರದ್ಧಾಂಜಲಿ ಕೊಡಬೇಕು. ನೀನೇ ಬರಿ. ಅವಳದ್ದು ಒಂದೂ ತಪ್ಪಿಲ್ಲದೆ ಬರಲಿ."

ಮೇಜಿನ ಮೇಲೆ ಅತ್ತಿಗೆಯ ಕನ್ನಡಕ ಮಡಿಸಿಟ್ಟಂತೆಯೇ ಇತ್ತು. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಹಾಶಯರು ದುಂಡು ಅಕ್ಷರದಲ್ಲಿ "ನಮ್ಮ ಪ್ರೀತಿಯ" ಎಂದು ಬರೆದರು. ಪೆನ್ನು ನಿಂತಿತು. ಮೂವತ್ತು ವರ್ಷ ಆಕೆ ಗಂಡನ ಊಟದ ಡಬ್ಬಿಯಲ್ಲಿ ಇವರ ಪಾಲನ್ನೂ ತುಂಬಿ ಕಳಿಸಿದ್ದಳು. ಇವರು ಖಾಲಿ ಡಬ್ಬಿ ಮುಚ್ಚುತ್ತಾ "ಚೆನ್ನಾಗಿತ್ತು ಅಂತ ಅತ್ತಿಗೆಗೆ ಹೇಳು" ಎನ್ನುತ್ತಿದ್ದರು. ಅಷ್ಟೇ.

"ಯಾಕೋ ನಿಲ್ಲಿಸ್ದೆ? ಒತ್ತು, ದೀರ್ಘ ಏನಾದ್ರೂ ಅನುಮಾನವಾ?"

ಮಹಾಶಯರು ಹಾಳೆಯಿಂದ ತಲೆ ಎತ್ತಲಿಲ್ಲ.

"ಅದಲ್ಲ ಕಣೋ... ಅತ್ತಿಗೆ ಹೆಸರೇನು?"