ಪ್ಯಾರಿ ಆಂಟಿಯ ಮುತ್ತಾತನ ಹುಡುಕಾಟ

ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡು ಅಮೆರಿಕಕ್ಕೆ ಬಂದವರು ಒಂದು ಕಡೆ ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಏನಾದರೊಂದು ಆಗುತ್ತಲೇ ಇರುತ್ತದೆ.

೧

ಎರಡು ವರ್ಷದ ಹಿಂದೆ ಅಪ್ಪ ಮೈಸೂರಿಂದ ಗೈದರ್ಸ್‌ಬರ್ಗಿನ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಫ್ಲೂ ಶಾಟ್ ಹಾಕಿಸಿಕೊಳ್ಳೋಕೆ ಕ್ಲಿನಿಕ್ಕಿಗೆ ಹೋದೆವು. ನರ್ಸ್ ಬಾಗಿಲಲ್ಲಿ ನಿಂತು, "ಹನುಮಯ್ಯ?" ಅಂದಳು. ಅದು ಅಪ್ಪನ ಹೆಸರು, ಅಪ್ಪ ಎದ್ದರು. ನನ್ನ ಸರ್‌ನೇಮೂ ಅದೇ, ನಾನೂ ಎದ್ದೆ.

"ಇಬ್ಬರಲ್ಲಿ ಯಾರು?"

ಅಪ್ಪ ತಡ ಮಾಡಲಿಲ್ಲ. "ಒರಿಜಿನಲ್ ನಾನು. ಇವಳು ಅಟೆಸ್ಟೆಡ್ ಕಾಪಿ."

೨

ಪಕ್ಕದ ಮನೆಯ ಪ್ಯಾರಿ ಆಂಟಿ ರಿಟೈರಾದ ಟೀಚರ್. ಪ್ಯಾರಿ ಅವರ ಸರ್‌ನೇಮ್, ಪೂರ್ವಿಕರು ವೇಲ್ಸ್ ದೇಶದವರು. ವಂಶದ ಮೊದಲನೇ ಪ್ಯಾರಿಯ ತನಕ ಹುಡುಕಿ, ಅವನ ಅಪ್ಪನ ದಾಖಲೆ ಸಿಗದೆ, ಲ್ಯಾಪ್‌ಟಾಪ್ ಹಿಡಿದು ಹಿತ್ತಿಲ ಡೆಕ್ ಮೇಲೆ ಶತಪಥ ಹಾಕುತ್ತಿದ್ದರು. ನಾರ್ತ್ ಕ್ಯಾರೊಲೈನಾದಲ್ಲಿರುವ ಅವರ ಅಣ್ಣನಿಗೆ ತೊಂಬತ್ತು. ಪ್ರತಿ ಭಾನುವಾರ ಫೋನ್ ಮಾಡಿ ಒಂದೇ ಮಾತು: "ಸಿಕ್ಕಿದನಾ? ನಾನು ಹೋಗೋದ್ರೊಳಗೆ ಹೇಳ್ತೀಯಾ?"

ಅಪ್ಪ ಬೇಲಿ ಹತ್ತಿರ ಹೋಗಿ ವಿಚಾರಿಸಿದರು.

"ಆಗ ನಮ್ಮವರಿಗೆ ಸರ್‌ನೇಮೇ ಇರಲಿಲ್ಲ," ಅಂದರು ಆಂಟಿ. "ಅಪ್ಪನ ಹೆಸರೇ ಹೇಳ್ತಿದ್ದರು. 'ಅಪ್' ಅಂದರೆ ಮಗ. ಹ್ಯಾರಿಯ ಮಗ ಅಪ್ ಹ್ಯಾರಿ. ಬೇಗ ಬೇಗ ಹೇಳಿ ಹೇಳಿ ಪ್ಯಾರಿ ಆಯ್ತು."

ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ಪಿಸುಗುಟ್ಟಿದರು: "ಮಗನಿಗೇ ಅಪ್ಪ ಅಂತಾರಂತೆ ಕಣೇ! ಇನ್ನು ವಂಶ ಎಲ್ಲಿ ಸಿಗುತ್ತೆ?"

೩

ಹಾಗಂದರೂ ಅವತ್ತೆಲ್ಲ ಅಪ್ಪ ಚಡಪಡಿಸಿದರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಇದ್ದವರು. ಮರುದಿನ ಮಧ್ಯಾಹ್ನ ಸಾರನ್ನ ಕಲೆಸುತ್ತಿದ್ದವರು ಹಾಗೇ ಎದ್ದು ಹೋಗಿ ಆಂಟಿಯ ಬಾಗಿಲು ಬಡಿದರು. ನಾನು ಹಿಂದೆ ಓಡಿದೆ.

"ನೀವು ಹುಡುಕ್ತಿರೋದು ಯಾವ ಹೆಸರು?"

"ಹ್ಯಾರಿ ಪ್ಯಾರಿ."

"ಪ್ಯಾರಿ ಆಗಿದ್ದು ಹ್ಯಾರಿಯ ಮಗ. ಹ್ಯಾರಿಗೆ ಅವನ ಅಪ್ಪನ ಹೆಸರಲ್ವಾ ಇರಬೇಕು?"

ಆಂಟಿ ಹಣೆ ಚಚ್ಚಿಕೊಂಡರು. ಪ್ಯಾರಿ ಅನ್ನೋದನ್ನ ಅಳಿಸಿ, ಬರೀ ಹ್ಯಾರಿ ಅಂತ, ಜೊತೆಗೆ ಊರಿನ ಹೆಸರು ಹಾಕಿ ಹುಡುಕಿದರು. ಹಳೇ ಚರ್ಚಿನ ದಾಖಲೆಯೊಂದರಲ್ಲಿ ಸಿಕ್ಕೇಬಿಟ್ಟಿತು: ಹ್ಯಾರಿ ಅಪ್ ಎವನ್. ಎವನ್‌ನ ಮಗ ಹ್ಯಾರಿ! ಆಂಟಿಗೆ ಅಳು ಬಂತು. ಅಪ್ಪನ ಎಂಜಲು ಕೈಯನ್ನೇ ಹಿಡಿದು ಕುಲುಕಿದರು.

ತಕ್ಷಣ ಅಣ್ಣನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. "ಸಿಕ್ಕಿದ! ಹ್ಯಾರಿಯ ಅಪ್ಪ ಎವನ್!"

ಆ ಕಡೆಯಿಂದ ಮುದುಕರ ದನಿ ಕೇಳಿಸಿತು:

"ಬಹಳ ಸಂತೋಷ. ಎವನ್‌ನ ಅಪ್ಪ ಯಾರು?"