ಚಾರ್ಮಿನಾರದ ಬನಿಯನ್ ತೊಟ್ಟವನ ಅಹವಾಲು

ಇಂಡಿ, ಮೇ ೧೯೬೭

ಮಾನ್ಯ ಬಸ್ ಕಂಟ್ರೋಲರ್ ಸಾಹೇಬರ ಸನ್ನಿಧಿಗೆ,

ನಿವೃತ್ತ ಅಂಚೆ ಗುಮಾಸ್ತ ಪಾಂಡುರಂಗ ಗಲಗಲಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದದ್ದು ಬರೀ ಮರ್ಯಾದೆಗಲ್ಲ. ತಮ್ಮ ಕೃಪೆಯಿಂದ ನಡ ಹಿಡಿದು, ನಾಲ್ಕು ದಿನದಿಂದ ಬೋರಲು ಮಲಗಿಯೇ ಇದ್ದೇನೆ. ತಮ್ಮ ನಿಲ್ದಾಣ ಸಿಂದಗಿ ತಾಲೂಕಿನಲ್ಲಿದೆ ಎಂದಷ್ಟೇ ಹೇಳಿ, ಊರಿನ ಹೆಸರನ್ನು ತಮ್ಮ ಗೌರವಕ್ಕಾಗಿ ಬಿಟ್ಟಿದ್ದೇನೆ.

ಮೂವತ್ತು ವರ್ಷ ಬೇರೆ ಊರುಗಳ ಹೆಸರನ್ನು ಲಕೋಟೆಗಳ ಮೇಲೆ ಓದಿಯೇ ಸವೆದ ನಾನು, ನೌಕರಿ ಮುಗಿದ ಮೇಲೆ ಆ ಊರುಗಳನ್ನು ನೋಡಲು ಹೊರಟೆ. ಹೋದಲ್ಲೆಲ್ಲ ಆ ಊರಿನ ಚಿತ್ರ, ಹೆಸರು ಅಚ್ಚು ಹಾಕಿದ ಅರ್ಧ ತೋಳಿನ ಬನಿಯನ್ ಕೊಂಡೆ. ಮಗ ಇದಕ್ಕೆ ಟೀ-ಶರ್ಟು ಎನ್ನುತ್ತಾನೆ. ಮುಂಬಯಿ, ಪುಣೆ, ಮಹಾಬಳೇಶ್ವರ, ಹೈದರಾಬಾದ್ ನನ್ನ ಟ್ರಂಕಿನಲ್ಲಿವೆ. ಧೋತರದ ಮೇಲೆ ಇವನ್ನು ತೊಟ್ಟು ಪೇಟೆಗೆ ಹೊರಟರೆ ಇಂಡಿಯ ಮಂದಿ ನಿಂತು ಓದುತ್ತಾರೆ. ನನ್ನನ್ನು ಯಾರಾದರೂ ನಿಂತು ನೋಡಿದ್ದು ಅದೇ ಮೊದಲು.

ಕಳೆದ ಗುರುವಾರ ಸೊಸೆಯ ತವರಾದ ಮುದ್ದೇಬಿಹಾಳದ ಬೀಗರ ಮನೆಯಲ್ಲಿ ನನ್ನ ಮೊದಲ ಮೊಮ್ಮಗನ ಹೆಸರಿಡುವ ಶಾಸ್ತ್ರವಿತ್ತು. ನನ್ನ ತಂದೆಯ ಹೆಸರು ನರಹರಿ ಎಂದೇ ಇಡಬೇಕೆಂದು ನಾನು, ಅದು ಹಳೆಯದಾಯಿತು, ಸತೀಶ ಎಂದಿಡೋಣವೆಂದು ಬೀಗರು. ಅವರು ವಕೀಲರು. ಎದುರಿಗೆ ಕೂತು ಮಾತಾಡದಿದ್ದರೆ ನನ್ನ ತಂದೆಯ ಹೆಸರು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಎರಡು ದಿನ ಮೊದಲೇ ಹೊರಟ ನನ್ನ ಹೆಂಡತಿ ಜಾನಕಿಬಾಯಿ ಹೊಸ್ತಿಲಲ್ಲಿ ನಿಂತು, "ಬೀಗರ ಮನಿಗೆ ಆ ಬನಿಯನ್ ಹಾಕ್ಕೊಂಡು ಬರಬ್ಯಾಡ್ರಿ. ನಿಮ್ಮನ್ನ ಯಾರೋ ಪಾರ್ಸಲ್ ಮಾಡಿ ಕಳಸ್ಯಾರ ಅಂತಾರ" ಎಂದು ಹೇಳಿಯೇ ಹೋಗಿದ್ದಳು. ವಕೀಲರ ಮುಂದೆ ನಾಲ್ಕು ಊರು ಕಂಡವನಂತೆ ಕಾಣಬೇಕೆಂಬ ಹಟದಿಂದ ನಾನು ಹಳದಿ ಬಣ್ಣದ, ಚಾರ್ಮಿನಾರದ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಹೈದರಾಬಾದ್ ಎಂದು ಬರೆದಿದ್ದ ಬನಿಯನ್ನನ್ನೇ ತೊಟ್ಟು ನಸುಕಿನಲ್ಲಿ ಹೊರಟೆ.

ಬಸ್ ಬದಲಿಸಲು ತಮ್ಮ ನಿಲ್ದಾಣದಲ್ಲಿ ಇಳಿದಾಗ ತಾವು ನನ್ನ ಎದೆಯನ್ನು ಓದಿ ಕುರ್ಚಿ ಬಿಟ್ಟು ಎದ್ದಿರಿ. ಹೈದರಾಬಾದಿನ ಬಸ್ಸುಗಳ ತಪಾಸಣೆಗೆ ಗುಟ್ಟಾಗಿ ಬಂದ ಅಲ್ಲಿಯ ದೊಡ್ಡ ಸಾಹೇಬನೆಂದು ತಾವು ತಿಳಿದದ್ದು ನನಗೆ ಆಮೇಲೆ ತಿಳಿಯಿತು. ಮುದ್ದೇಬಿಹಾಳದ ಬಸ್ ಯಾವುದೆಂದು ಕೇಳಿದರೆ, "ನಮ್ಮನ್ನ ಪರೀಕ್ಷಾ ಮಾಡ್ತೀರೇನ್ರಿ ಸಾಹೇಬ್ರ? ತಮ್ಮ ಬಸ್ ಯಾವುದು ಅಂತ ನನಗ ಗೊತ್ತೈತ್ರಿ, ಬರ್ರಿ" ಎಂದು ನನ್ನ ಚೀಲವನ್ನು ತಾವೇ ಹೊತ್ತು, ಬೋರ್ಡಿಲ್ಲದ ಬಸ್ಸೊಂದರ ಮುಂದಿನ ಸೀಟಿನಲ್ಲಿ ಕೂರಿಸಿ, ಚಹಾ ತರಿಸಿಕೊಟ್ಟಿರಿ. ಆಯುಷ್ಯದಲ್ಲಿ ಯಾರೂ ಸಾಹೇಬ ಎನ್ನದ ನನಗೆ ಆ ಚಹಾ ಬಹಳ ರುಚಿಸಿತು. ಟಿಕೇಟು ಕೇಳುವ ಧೈರ್ಯ ಕಂಡಕ್ಟರನಿಗೂ ಆಗಲಿಲ್ಲ. ನಾನು ಸುಖವಾಗಿ ನಿದ್ದೆ ಹೋದೆ.

ಎಚ್ಚರವಾದದ್ದು ಜೇವರ್ಗಿಯಲ್ಲಿ. ಬಸ್ಸು ಹೈದರಾಬಾದಿನದು.

ಅಲ್ಲಿಂದ ನನ್ನನ್ನು ತಾಳಿಕೋಟೆಯವರೆಗೆ ಕರೆತಂದವನು ತೊಗರಿ ಚೀಲ ಹೇರಿದ್ದ ಲಾರಿಯ ಡ್ರೈವರ್ ಗೈಬುಸಾಬ. ಒಳಗೆ ಜಾಗವಿಲ್ಲದೆ ನಾನು ಚೀಲಗಳ ಮೇಲೆ ಹತ್ತುವಾಗ ನನ್ನ ಕಥೆ ಕೇಳಿ, "ಎದಿ ಮ್ಯಾಲ ಒಂದ ಊರು ಬರಕೊಂಡು ಇನ್ನೊಂದ ಊರಿಗಿ ಹೊಂಟ್ರ ಕಂಟ್ರೋಲರ್ ಏನ್ ಮಾಡ್ಬೇಕ್ರಿ ಪಾಪ?" ಎಂದು ತಮ್ಮ ಪರವಾಗಿಯೇ ಮಾತಾಡಿದ. ಇದನ್ನು ತಾವು ತಮ್ಮ ಸೇವಾ ಪುಸ್ತಕದಲ್ಲಿ ಬರೆಸಿಕೊಳ್ಳಬಹುದು. ನನ್ನ ನಡ ಹಿಡಿದದ್ದು ಆ ಚೀಲಗಳ ಮೇಲೆಯೇ.

ನಾನು ಮುದ್ದೇಬಿಹಾಳ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಧ್ಯಾಹ್ನದವರೆಗೆ ಕಾದು, ವಾದಿ ಹಾಜರಿಲ್ಲದ ಕೇಸನ್ನು ಹೇಗೆ ಮುಗಿಸಬೇಕೆಂದು ಬಲ್ಲ ಬೀಗರು ಸತೀಶನೆಂದು ಹೆಸರಿಟ್ಟು ಊಟಕ್ಕೆ ಎಲೆ ಹಾಕಿಸಿದ್ದರು. ನಾನು ಯಾರೊಡನೆಯೂ ಜಗಳಾಡಲಿಲ್ಲ. ಕಟ್ಟೆಯ ಮೇಲೆ ಕೂತೆ. ನಾನು ಸಣ್ಣವನಿದ್ದಾಗಲೇ ತೀರಿಕೊಂಡ ತಂದೆಯ ಮುಖ ನನಗೆ ಸರಿಯಾಗಿ ನೆನಪಿಲ್ಲ, ಸಾಹೇಬರೇ. ನನ್ನ ಹತ್ತಿರ ಇದ್ದದ್ದು ಆ ಹೆಸರೊಂದೇ. ಜಾನಕಿಬಾಯಿ ಬೈಯಲಿಲ್ಲ. ಕೂಸನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಎತ್ತಿ ಎದೆಗಪ್ಪಿಕೊಂಡೆ, ಅವನು ಚಾರ್ಮಿನಾರದ ನಾಲ್ಕೂ ಕಂಬಗಳು ತೋಯುವಂತೆ ಉಚ್ಚೆ ಹೊಯ್ದ.

"ನಿಜಾಮಗ ತನ್ನ ಊರು ಸಿಕ್ತು ನೋಡ್ರಿ" ಎಂದರು ಬೀಗಿತ್ತಿ ಸಾವಿತ್ರೀಬಾಯಿ.

ವಕೀಲರೇ ಮೊದಲು ನಕ್ಕರು, ಆಮೇಲೆ ನಾನು. ಅಂದಿನಿಂದ ಆ ಮನೆಯಲ್ಲಿ ಸತೀಶನೂ ಇಲ್ಲ, ನರಹರಿಯೂ ಇಲ್ಲ. ನಿಜಾಮ ಎದ್ದ, ನಿಜಾಮ ಹಾಲು ಕಕ್ಕಿದ, ನಿಜಾಮನ ದುಪ್ಪಟಿ ಬಿಸಿಲಿಗೆ ಹಾಕ್ರಿ. ಮೂರು ಹೊತ್ತು ಸಂಧ್ಯಾವಂದನೆ ಮಾಡುವ ಮನೆತನದ ಕುಡಿಗೆ ಈ ಪದವಿ ದೊರಕಿಸಿಕೊಟ್ಟವರು ತಾವು.

ಆದ್ದರಿಂದ ತಾವು ರಜೆ ಹಾಕಿ ಮುದ್ದೇಬಿಹಾಳಕ್ಕೆ ಹೋಗಿ, ಇಲಾಖೆಯ ಮೊಹರಿನೊಂದಿಗೆ ಆ ಗುರುವಾರದ ಮಧ್ಯಾಹ್ನವನ್ನು ರದ್ದುಪಡಿಸಿ, ಹೊಸ ವೇಳೆ ಪ್ರಕಟಿಸಬೇಕೆಂದು ವಿನಂತಿ. ಅದಾಗದಿದ್ದರೆ ನಿಜಾಮನಿಗೆ ಮುಂದಿನ ಸೀಟನ್ನು ಜೀವಮಾನಪೂರ್ತಿ ಕಾಯ್ದಿರಿಸಬೇಕು.

ಬೋರಲು ಮಲಗಿಯೂ ತಮ್ಮ ವಿಶ್ವಾಸಿಯೇ ಆಗಿರುವ,
ಪಾಂಡುರಂಗ ಗಲಗಲಿ

ವಿ.ಸೂ.: ಬಾಣಂತಿ, ಕೂಸನ್ನು ಕರೆತರಲು ಮುಂದಿನ ತಿಂಗಳು ತಮ್ಮ ನಿಲ್ದಾಣದ ಮೂಲಕವೇ ಹೋಗುವವನಿದ್ದೇನೆ. ಬೆಂಗಳೂರಿಗೆ ಹೋಗಿದ್ದ ಮಗ ವಿಧಾನಸೌಧದ ಚಿತ್ರವಿರುವ ಬನಿಯನ್ ತಂದಿದ್ದಾನೆ. ಅದನ್ನು ಕಂಡು ನನ್ನನ್ನು ಮಂತ್ರಿಯೆಂದು ತಿಳಿದರೂ ನನ್ನ ತಕರಾರಿಲ್ಲ. ಅಲ್ಲಿಯವರೆಗೆ ತಾವು ಆ ಕುರ್ಚಿಯಲ್ಲಿ ಉಳಿದಿದ್ದರೆ, ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿಸಿ.